ಹನ್ನೊಂದು ವಾರ ತಡವಾಗಿ ಬಂದ ಹುಡುಗ

ಹೋದ ವರ್ಷ ಮಗಳ ಮನೆಗೆ ಅಮೆರಿಕದ ಕ್ಲೀವ್‌ಲ್ಯಾಂಡ್‌ಗೆ ಹೋಗಿದ್ದಾಗ ಮೊಮ್ಮಗ ನನ್ನನ್ನು ಬೇಸ್‌ಬಾಲ್ ಮ್ಯಾಚ್‌ಗೆ ಕರೆದುಕೊಂಡು ಹೋದ. ಮೈದಾನದ ಹೊರಗೆ ಬ್ಯಾಟ್ ಹಿಡಿದ ಆಟಗಾರನ ಒಂದು ಕಂಚಿನ ಪ್ರತಿಮೆ ಇತ್ತು. ಕಪ್ಪು ಜನಾಂಗದ ಆಟಗಾರ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಅಜ್ಜ, ಇವರು ಯಾರು ಹೇಳಿ ನೋಡೋಣ" ಅಂದ. ನನಗೆ ಗೊತ್ತಿದ್ದದ್ದು ಒಂದೇ ಹೆಸರು. "ಜಾಕಿ ರಾಬಿನ್ಸನ್" ಅಂದೆ. ಅವನು ತಲೆ ಆಡಿಸಿದ. "ಅಲ್ಲ ಅಜ್ಜ. ರಾಬಿನ್ಸನ್ ಮೊದಲನೆಯವರು. ಇವರು ಲ್ಯಾರಿ ಡೋಬಿ, ಎರಡನೆಯವರು."

ಅಷ್ಟು ಹೇಳಿ ಅವನು ಗೇಟಿನ ಕಡೆ ಓಡಿದ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಪ್ರೇಯರ್ ಮುಗಿದ ಮೇಲೆ ಮಕ್ಕಳಿಗೆ ಐದು ನಿಮಿಷ ಆಟಗಾರರ ಕಥೆ ಹೇಳುತ್ತಿದ್ದೆ. ರಾಬಿನ್ಸನ್ ಕಥೆಯನ್ನು ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ. 1947ರ ಏಪ್ರಿಲ್ 15, ಬ್ರೂಕ್ಲಿನ್ ಡಾಡ್ಜರ್ಸ್ ತಂಡ, ಅರವತ್ತು ವರ್ಷದ ಮೇಲೆ ದೊಡ್ಡ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಆಟಗಾರ, ಎಲ್ಲಾ ಬಾಯಿಪಾಠ. ಅವನು ಬಂದ, ಬಾಗಿಲು ತೆಗೆಯಿತು ಅಂತ ಕಥೆ ಮುಗಿಸುತ್ತಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿ ಕ್ಲಾಸಿಗೆ ಹೋಗುತ್ತಿದ್ದರು. ಬಾಗಿಲು ತೆಗೆದ ಮೇಲೆ ಒಳಗೆ ಬಂದವರಿಗೆ ಏನಾಯಿತು ಅಂತ ಯಾವ ಮಗುವೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಆ ರಾತ್ರಿಯಿಂದ ಡೋಬಿ ಬಗ್ಗೆ ಸಿಕ್ಕಿದ್ದೆಲ್ಲ ಓದೋಕೆ ಶುರು ಮಾಡಿದೆ. ಮಗಳು ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಳು. ಓದುತ್ತಾ ಹೋದ ಹಾಗೆ ನಮ್ಮ ಶಾಲೆಯ ಒಬ್ಬ ಹುಡುಗಿ ಮತ್ತೆ ಮತ್ತೆ ನೆನಪಿಗೆ ಬಂದಳು. ಅವಳ ವಿಷಯ ಆಮೇಲೆ ಹೇಳುತ್ತೇನೆ.

ಡೋಬಿ ಹುಟ್ಟಿದ್ದು 1923ರಲ್ಲಿ, ದಕ್ಷಿಣ ಕೆರೊಲಿನಾದ ಕ್ಯಾಮ್ಡೆನ್ ಅನ್ನೋ ಊರಿನಲ್ಲಿ. ಅಪ್ಪ ಕುದುರೆ ನೋಡಿಕೊಳ್ಳುವ ಕೆಲಸದವನು, ಬೇಸ್‌ಬಾಲ್ ಕೂಡ ಚೆನ್ನಾಗಿ ಆಡುತ್ತಿದ್ದ. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ನೀರಿನಲ್ಲಿ ಮುಳುಗಿ ತೀರಿಕೊಂಡ. ಆಮೇಲೆ ತಾಯಿ ಇದ್ದ ನ್ಯೂಜೆರ್ಸಿಯ ಪ್ಯಾಟರ್ಸನ್‌ಗೆ ಬಂದ. ಅಲ್ಲಿನ ಹೈಸ್ಕೂಲಿನಲ್ಲಿ ಬೇಸ್‌ಬಾಲ್, ಬಾಸ್ಕೆಟ್‌ಬಾಲ್, ಫುಟ್‌ಬಾಲ್, ಓಟ, ನಾಲ್ಕರಲ್ಲೂ ಮುಂದು. ಇಂಥ ಮಕ್ಕಳು ಹತ್ತು ವರ್ಷಕ್ಕೊಮ್ಮೆ ಸಿಗುತ್ತಾರೆ, ಯಾವ ಚೆಂಡು ಕೈಗೆ ಕೊಟ್ಟರೂ ಅದು ಅವರ ಮಾತು ಕೇಳುತ್ತದೆ. ಓದುವಾಗಲೇ ನ್ಯೂವಾರ್ಕ್ ಈಗಲ್ಸ್ ತಂಡಕ್ಕೆ ಆಡಿದ. ಶಾಲೆ ಕಾಲೇಜಿನ ಆಟಕ್ಕೆ ತೊಂದರೆ ಆಗದಿರಲಿ ಅಂತ ಲ್ಯಾರಿ ವಾಕರ್ ಅನ್ನೋ ಸುಳ್ಳು ಹೆಸರಿನಲ್ಲಿ. ಈಗಲ್ಸ್ ಕಪ್ಪು ಜನರ ತಂಡ. ಬಿಳಿಯರ ದೊಡ್ಡ ಲೀಗುಗಳಲ್ಲಿ ಅವರಿಗೆ ಜಾಗ ಇರಲಿಲ್ಲ, ಹಾಗಾಗಿ ಅವರದ್ದೇ ಬೇರೆ ಲೀಗುಗಳಿದ್ದವು. ಆಗ ಅವುಗಳ ಹೆಸರೇ ನೀಗ್ರೋ ಲೀಗ್. ಯುದ್ಧದ ಸಮಯದಲ್ಲಿ ನೌಕಾಪಡೆಯಲ್ಲಿದ್ದ, ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ. ವಾಪಸ್ಸು ಬಂದ ವರ್ಷ, 1946ರಲ್ಲಿ, ಈಗಲ್ಸ್ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು.

ಈಗ 1947ರ ಜುಲೈಗೆ ಬರೋಣ.

ರಾಬಿನ್ಸನ್‌ಗೆ ತಯಾರಿ ಇತ್ತು. ಡಾಡ್ಜರ್ಸ್ ಮುಖ್ಯಸ್ಥ ಬ್ರಾಂಚ್ ರಿಕಿ 1945ರಲ್ಲೇ ಅವನ ಜೊತೆ ಒಪ್ಪಂದ ಮಾಡಿಕೊಂಡು, 1946 ಪೂರ್ತಿ ಕೆನಡಾದ ಮಾಂಟ್ರಿಯಲ್ ತಂಡದಲ್ಲಿ ಆಡಿಸಿ, ಪತ್ರಿಕೆಯವರಿಗೆ, ಜನರಿಗೆ, ಅವನಿಗೂ ಅಭ್ಯಾಸವಾಗೋ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿಸಿದ್ದ. ಅವನಿಗೆ ಆಗ 28 ವಯಸ್ಸು, ಕಾಲೇಜು ಓದಿದವನು, ಸೈನ್ಯದಲ್ಲಿ ಆಫೀಸರ್ ಆಗಿದ್ದವನು. ಅದೇನೂ ಸುಲಭದ ದಾರಿ ಆಗಿತ್ತು ಅಂತ ಹೇಳುತ್ತಿಲ್ಲ, ಅವನು ತಿಂದ ಬೈಗುಳ ಯಾರಿಗೂ ಬೇಡ.

ಡೋಬಿಗೆ 23 ವಯಸ್ಸು. ಮಾತು ಕಮ್ಮಿ. ಅವನು ಜುಲೈ 4ರಂದು ನ್ಯೂವಾರ್ಕ್‌ನಲ್ಲಿ ಈಗಲ್ಸ್‌ಗೆ ಆಡುತ್ತಿದ್ದ. ಅಲ್ಲಿಂದ ರಾತ್ರಿ ರೈಲು ಹತ್ತಿದ. ಜುಲೈ 5ರಂದು, ರಾಬಿನ್ಸನ್ ಬಂದ ಹನ್ನೊಂದು ವಾರಕ್ಕೆ, ಷಿಕಾಗೋದ ಕಮಿಸ್ಕಿ ಪಾರ್ಕ್‌ ಮೈದಾನದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಬಟ್ಟೆ ಹಾಕಿಕೊಂಡು ನಿಂತಿದ್ದ. ಒಂದೇ ರಾತ್ರಿ. ಮಧ್ಯದಲ್ಲಿ ಯಾವ ಮೆಟ್ಟಿಲೂ ಇಲ್ಲ.

ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಬಿಲ್ ವೀಕ್. ಯುದ್ಧದಲ್ಲಿ ಗಾಯವಾಗಿ ಒಂದು ಕಾಲು ಕಳೆದುಕೊಂಡವನು. ಒಳ್ಳೆಯ ಮನುಷ್ಯ, ಡೋಬಿಯನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಆದರೂ ಅವನು ಮೊದಲು ಕೊಟ್ಟ ಬುದ್ಧಿಮಾತು ಓದಿ ನನಗೆ ಹೊಟ್ಟೆ ಕಿವುಚಿತು. ಅಂಪೈರ್ ಜೊತೆ ವಾದ ಬೇಡ. ಯಾರಾದರೂ ಕೆಣಕಿದರೆ ತಿರುಗಿ ಬೀಳಬೇಡ. ಇದೇ ಮಾತನ್ನು ರಿಕಿ ರಾಬಿನ್ಸನ್‌ಗೂ ಹೇಳಿದ್ದ. ತಪ್ಪು ಮಾಡುವವರು ಬೇರೆ, ತಾಳ್ಮೆಯ ಪಾಠ ಮಾತ್ರ ಈ ಹುಡುಗರಿಗೆ.

ಆ ದಿನ ತಂಡದ ಡ್ರೆಸಿಂಗ್ ರೂಮಿನಲ್ಲಿ ಆಟಗಾರ, ತಂಡ ನಡೆಸುವ ಮ್ಯಾನೇಜರ್ ಎರಡೂ ಆಗಿದ್ದ ಲೂ ಬೌಡ್ರೋ ಹೊಸ ಹುಡುಗನನ್ನು ಒಬ್ಬೊಬ್ಬರ ಹತ್ತಿರ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದ. ಹೆಚ್ಚಿನವರು ಕೈ ಕೊಟ್ಟರು, ಕೆಲವರು ಜೀವವೇ ಇಲ್ಲದ ಹಾಗೆ ಬೆರಳು ಮುಟ್ಟಿಸಿದರು, ಇನ್ನು ಕೆಲವರು ಕೈಯನ್ನೇ ಚಾಚಲಿಲ್ಲ. ಡೋಬಿ ಇದನ್ನು ಜೀವನ ಪೂರ್ತಿ ಮರೆಯಲಿಲ್ಲ.

ಆಮೇಲೆ ಎಲ್ಲರೂ ಮೈದಾನಕ್ಕೆ ಇಳಿದರು. ಆಟಕ್ಕೆ ಮುಂಚೆ ಇಬ್ಬಿಬ್ಬರು ಜೊತೆಯಾಗಿ ಚೆಂಡು ಎಸೆದು ಹಿಡಿದು ಕೈ ಬಿಸಿ ಮಾಡಿಕೊಳ್ಳುವುದು ರೂಢಿ. ನಮ್ಮಲ್ಲೂ ಇದೆ ಅಲ್ವಾ. ಎಲ್ಲರಿಗೂ ಜೋಡಿ ಸಿಕ್ಕಿತು. ಡೋಬಿ ಒಬ್ಬನೇ ನಿಂತ. ಒಂದು ನಿಮಿಷ, ಎರಡು ನಿಮಿಷ, ಇನ್ನೂ ನಿಂತೇ ಇದ್ದ. ಸ್ಟೇಡಿಯಂ ತುಂಬಾ ಜನ ಅವನನ್ನೇ ನೋಡುತ್ತಿದ್ದಾರೆ. ಕೈಯಲ್ಲಿ ಗ್ಲೌಸ್ ಇದೆ, ಚೆಂಡು ಎಸೆಯುವವರು ಇಲ್ಲ. ಆಗ ಎರಡನೇ ಬೇಸ್‌ನಲ್ಲಿ ಆಡುವ ಜೋ ಗಾರ್ಡನ್ ಹತ್ತಿರ ಬಂದು, ಬಾ ಹುಡುಗ, ಚೆಂಡು ಎಸೆಯೋಣ ಅನ್ನೋ ಅರ್ಥದಲ್ಲಿ ಏನೋ ಹೇಳಿ ಕರೆದ. ಅಷ್ಟೇ. ಡೋಬಿ ಮತ್ತು ಗಾರ್ಡನ್ ಆಮೇಲೆ ಗೆಳೆಯರಾದರು.

ಸಾವಿರಾರು ಮಕ್ಕಳನ್ನು ಮೈದಾನದಲ್ಲಿ ಸಾಲು ನಿಲ್ಲಿಸಿದವನು ನಾನು. "ಜೋಡಿ ಮಾಡ್ಕೊಳ್ರೋ" ಅಂತ ಕೂಗಿದಾಗ ಯಾವ ಮಗು ಒಂಟಿಯಾಗಿ ಉಳಿಯುತ್ತದೆ ಅಂತ ನೋಡಿದರೆ ಆ ತರಗತಿಯ, ಆ ಊರಿನ ಕಥೆಯೆಲ್ಲ ಗೊತ್ತಾಗುತ್ತದೆ. ಹಾಗಾಗಿ ಆ ಕೆಲವು ನಿಮಿಷದ ಬಗ್ಗೆ ಓದಿದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ಕೂತೆ.

ಅದೇ ದಿನ ಏಳನೇ ಇನ್ನಿಂಗ್ಸ್‌ನಲ್ಲಿ ಬೌಲರ್ ಬದಲಿಗೆ ಬ್ಯಾಟ್ ಮಾಡಲು ಡೋಬಿಯನ್ನು ಕಳಿಸಿದರು. ಸ್ಟ್ರೈಕ್‌ಔಟ್ ಆಗಿ, ಅಂದರೆ ಒಂದು ಹಿಟ್ಟೂ ಇಲ್ಲದೆ ಔಟಾಗಿ, ವಾಪಸ್ಸು ಬಂದ. ಇದರ ಬಗ್ಗೆ ಒಂದು ಚಂದದ ಕಥೆ ಇದೆ. ಮುಂದಿನ ಬ್ಯಾಟ್ಸ್‌ಮನ್ ಗಾರ್ಡನ್ ಬೇಕಂತಲೇ ಮೂರೂ ಚೆಂಡು ಬಿಟ್ಟು ಔಟಾಗಿ, ತಲೆ ಬಗ್ಗಿಸಿ ಕೂತಿದ್ದ ಡೋಬಿ ಪಕ್ಕ ತಾನೂ ತಲೆ ಬಗ್ಗಿಸಿ ಕೂತನಂತೆ. ವೀಕ್ ಇದನ್ನು ಹೇಳಿಕೊಂಡು ತಿರುಗುತ್ತಿದ್ದ. ಆದರೆ ಇದು ನಡೆದದ್ದಲ್ಲ. ಡೋಬಿ ಬ್ಯಾಟ್ ಮಾಡುವಾಗ ಗಾರ್ಡನ್ ಆಗಲೇ ಬ್ಯಾಟ್ ಮಾಡಿ ಮುಗಿಸಿ ಮೂರನೇ ಬೇಸ್ ಮೇಲೆ ನಿಂತಿದ್ದ, ಮುಂದಿನ ಬ್ಯಾಟ್ಸ್‌ಮನ್ ಅವನಾಗಿರಲು ಸಾಧ್ಯವೇ ಇಲ್ಲ. ಇಂಥ ಕಥೆ ಯಾಕೆ ಹುಟ್ಟುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಹೇಳೋದಕ್ಕೆ ಚೆನ್ನಾಗಿರುತ್ತದೆ, ಕೇಳಿದವರ ಮನಸ್ಸು ಹಗುರ ಆಗುತ್ತದೆ. ನನಗೆ ಮಾತ್ರ ನಡೆದದ್ದೇ ದೊಡ್ಡದು ಅನ್ನಿಸುತ್ತದೆ. ಬೇಕಂತ ಔಟಾಗೋದು ತ್ಯಾಗ. ತ್ಯಾಗ ಎಲ್ಲರಿಂದ ಆಗಲ್ಲ. ಬಾ, ಚೆಂಡು ಎಸೆಯೋಣ ಅನ್ನೋದು ಆ ಮೈದಾನದಲ್ಲಿದ್ದ ಯಾರಿಂದ ಬೇಕಾದರೂ ಆಗುತ್ತಿತ್ತು.

ಮ್ಯಾಚ್ ಮುಗಿದ ಮೇಲೆ ತಂಡದವರೆಲ್ಲ ಒಂದು ಹೋಟೆಲಿಗೆ ಹೋದರು. ಡೋಬಿ ಬೇರೆ ಹೋಟೆಲಿಗೆ.

ಮರುದಿನ ಮೊದಲನೇ ಬೇಸ್‌ನಲ್ಲಿ ಆಡು ಅಂದರು. ಅದು ಅವನ ಜಾಗವೇ ಅಲ್ಲ. ಅಲ್ಲಿ ಆಡೋಕೆ ಬೇರೆ ತರಹದ ಗ್ಲೌಸ್ ಬೇಕು, ಅವನ ಹತ್ತಿರ ಇರಲಿಲ್ಲ. ಎರವಲು ತರಬೇಕಾಯಿತು. ಆ ಜಾಗದಲ್ಲಿ ದಿನಾ ಆಡುವವನಿಗೆ ತನ್ನ ಕೆಲಸಕ್ಕೆ ಕುತ್ತು ಬಂತು ಅನ್ನೋ ಸಿಟ್ಟು ಬೇರೆ. ಅವತ್ತು ಡೋಬಿಗೆ ಮೊದಲ ಹಿಟ್ ಸಿಕ್ಕಿತು. ಆದರೂ ಆ ವರ್ಷ ಉಳಿದ ದಿನ ಹೆಚ್ಚುಕಮ್ಮಿ ಬೆಂಚ್ ಮೇಲೆಯೇ. 29 ಮ್ಯಾಚ್, ಬರೀ 5 ಹಿಟ್. ವಾರಕ್ಕೊಮ್ಮೆ ಬ್ಯಾಟ್ ಕೊಟ್ಟು, ನೋಡಿ ಆಗಲಿಲ್ಲ ಅನ್ನೋದು ಯಾವ ಆಟಗಾರನಿಗೂ ಆಗಬಾರದ ಶಿಕ್ಷೆ.

ರಾಬಿನ್ಸನ್ ಮತ್ತು ಡೋಬಿ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದರು. ಮೈದಾನದಲ್ಲಿ ಮಾತ್ರ ಒಬ್ಬರಿಗೊಬ್ಬರು ಸಿಗುತ್ತಿರಲಿಲ್ಲ. ನಾನು ತಿಳಿಯದೆ ಇದ್ದ ದೊಡ್ಡ ವಿಷಯ ಇದೇ. ಆಗ ಎರಡು ದೊಡ್ಡ ಲೀಗು, ನ್ಯಾಷನಲ್ ಮತ್ತು ಅಮೆರಿಕನ್, ಒಂದೊಂದರಲ್ಲಿ ಎಂಟೆಂಟು ತಂಡ. ರಾಬಿನ್ಸನ್ ನ್ಯಾಷನಲ್ ಲೀಗಿನವನು, ಡೋಬಿ ಅಮೆರಿಕನ್ ಲೀಗಿನವನು. ಎರಡೂ ಲೀಗಿನಲ್ಲಿ ಗೆದ್ದ ತಂಡಗಳು ಕೊನೆಗೆ ಆಡುವ ವರ್ಲ್ಡ್ ಸೀರೀಸ್ ಬಿಟ್ಟರೆ ಈ ಲೀಗಿನ ತಂಡ ಆ ಲೀಗಿನ ತಂಡದ ಜೊತೆ ಸೀಸನ್ನಿನಲ್ಲಿ ಆಡುತ್ತಲೇ ಇರಲಿಲ್ಲ. ಅಂದರೆ ಡೋಬಿ ಎದುರಿಸಿದ ಬೌಲರ್‌ಗಳು ರಾಬಿನ್ಸನ್‌ಗೆ ಒಂದು ಚೆಂಡೂ ಎಸೆದವರಲ್ಲ. ಡೆಟ್ರಾಯಿಟ್‌ನಲ್ಲಿ, ವಾಷಿಂಗ್ಟನ್‌ನಲ್ಲಿ ಗ್ಯಾಲರಿಯಿಂದ ಕೂಗಿದ ಜನಕ್ಕೆ ಇವನೇ ಮೊದಲನೆಯವನು. ಹೆಸರಿಗೆ ಎರಡನೆಯವನು, ಪೆಟ್ಟಿಗೆ ಮೊದಲನೆಯವನು. ಒಬ್ಬ ಆಟಗಾರ ಅವನ ಮುಖಕ್ಕೆ ತಂಬಾಕಿನ ಎಂಜಲು ಉಗಿದ. ಡೋಬಿ ಕೈ ಎತ್ತಲಿಲ್ಲ. ಎತ್ತಿದ್ದರೆ ಮರುದಿನದ ಪೇಪರಿನಲ್ಲಿ ಉಗಿದದ್ದು ಬರುತ್ತಿರಲಿಲ್ಲ, ಕೈ ಎತ್ತಿದ್ದು ಬರುತ್ತಿತ್ತು.

ಇಲ್ಲಿ ದುಡ್ಡಿನ ವಿಷಯವನ್ನೂ ಹೇಳಬೇಕು. ಇದನ್ನು ಯಾರೂ ಮಕ್ಕಳಿಗೆ ಹೇಳಲ್ಲ. ರಾಬಿನ್ಸನ್‌ನನ್ನು ಕರೆದುಕೊಂಡಾಗ ರಿಕಿ ಅವನ ಹಳೆಯ ತಂಡ ಕನ್ಸಾಸ್ ಸಿಟಿ ಮೊನಾರ್ಕ್ಸ್‌ಗೆ ಒಂದು ಪೈಸೆ ಕೊಡಲಿಲ್ಲ. ಕಪ್ಪು ಜನರ ಲೀಗು ಲೀಗೇ ಅಲ್ಲ ಅನ್ನೋದು ಅವನ ಧೋರಣೆ. ಡೋಬಿ ವಿಷಯದಲ್ಲಿ ವೀಕ್ ಈಗಲ್ಸ್ ತಂಡದ ಒಡತಿ ಎಫಾ ಮ್ಯಾನ್ಲಿ ಜೊತೆ ಮಾತಾಡಿದ. ಆಕೆ ಗಟ್ಟಿ ಹೆಂಗಸು. ಇವನೇ ಬಿಳಿಯನಾಗಿದ್ದರೆ ನೀವು ಇದರ ಎಷ್ಟೋ ಪಟ್ಟು ಕೊಡುತ್ತಿದ್ದಿರಿ ಅಂತ ನೇರವಾಗಿ ಹೇಳಿದಳು. ಕೊನೆಗೆ 10,000 ಡಾಲರ್, ಒಂದು ತಿಂಗಳು ತಂಡದಲ್ಲಿ ಉಳಿದರೆ ಇನ್ನೂ 5,000 ಅಂತ ಆಯಿತು. ಒಳ್ಳೆ ಆಟಗಾರರೆಲ್ಲ ಹೀಗೆ ಒಬ್ಬೊಬ್ಬರಾಗಿ ಹೋದ ಮೇಲೆ ಜನವೂ ಅವರ ಹಿಂದೆಯೇ ಹೋದರು. 1948ರ ಸೀಸನ್ ಮುಗಿದ ಮೇಲೆ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು, ಈಗಲ್ಸ್ ಮಾರಾಟವಾಯಿತು. ಆ ಲೀಗುಗಳಲ್ಲಿ ಆಡುತ್ತಿದ್ದ ಸಾಧಾರಣ ಆಟಗಾರರು, ಕೋಚುಗಳು, ಟಿಕೆಟ್ ಹರಿಯುವವರು, ಅವರನ್ನು ಯಾವ ದೊಡ್ಡ ತಂಡವೂ ಕರೆಯಲಿಲ್ಲ. ಎಫಾ ಮ್ಯಾನ್ಲಿಯನ್ನು 2006ರಲ್ಲಿ, ಬೇಸ್‌ಬಾಲ್‌ನ ದೊಡ್ಡವರಿಗೆ ಗೌರವ ಕೊಡುವ ಹಾಲ್ ಆಫ್ ಫೇಮ್‌ಗೆ ಸೇರಿಸಿದರು, ಅಲ್ಲಿಗೆ ಸೇರಿದ ಮೊದಲ ಹೆಂಗಸು ಆಕೆ. ಆಗ ಆಕೆ ತೀರಿಕೊಂಡು 25 ವರ್ಷ ಆಗಿತ್ತು.

ಈಗ ನಮ್ಮ ಶಾಲೆಯ ಮಾತು.

1996ರ ಸುಮಾರಿಗೆ ನಮ್ಮ ಹುಡುಗಿಯರ ಖೋ-ಖೋ ತಂಡಕ್ಕೆ ಕೇರಿಯಿಂದ ಮೊದಲ ಸಲ ಒಬ್ಬ ಹುಡುಗಿ ಬಂದಳು. ಗಾಳಿ ಹಾಗೆ ಓಡುತ್ತಿದ್ದಳು. ಮಾತೂ ಅಷ್ಟೇ ಜೋರು. ಊರಿನಲ್ಲಿ ಸ್ವಲ್ಪ ಗುಸುಗುಸು ಆಯಿತು, ನಾನು ಗಟ್ಟಿಯಾಗಿ ನಿಂತೆ. ತಾಲ್ಲೂಕು ಮಟ್ಟದಲ್ಲಿ ಗೆದ್ದು ಬಂದಾಗ ಸ್ಥಳೀಯ ಪೇಪರಿನಲ್ಲಿ ಫೋಟೋ ಬಂತು. ಎಲ್ಲಿಗೆ ಹೋದರೂ ಅವಳು ಎಲ್ಲಿ ಕೂತಳು, ಏನು ತಿಂದಳು, ಯಾರು ಏನಂದರು ಅಂತ ನಾನು ಕಣ್ಣಿಟ್ಟು ನೋಡುತ್ತಿದ್ದೆ. ಮರುವರ್ಷ ಅದೇ ಕೇರಿಯಿಂದ ಇನ್ನೊಬ್ಬಳು ಬಂದಳು. ಇವಳು ಮೌನಿ. ಆಟ ಮೊದಲನೆಯವಳಷ್ಟೇ ಚೆನ್ನಾಗಿತ್ತು. ಅವಳ ಫೋಟೋ ಪೇಪರಿನಲ್ಲಿ ಬರಲಿಲ್ಲ, ಯಾಕೆಂದರೆ ಅದು ಆಗಲೇ ಹಳೆಯ ಸುದ್ದಿ. ನಾನೂ ಹಾಗೇ ಅಂದುಕೊಂಡೆ. ದಾರಿ ಆಗಿದೆ, ಇನ್ನು ಚಿಂತೆ ಇಲ್ಲ ಅಂತ.

ಆ ವರ್ಷ ಜಿಲ್ಲಾ ಮಟ್ಟಕ್ಕೆ ಹೋದಾಗ ನಮ್ಮ ತಂಡದ ಊಟ ಆ ಊರಿನ ಒಬ್ಬರ ಮನೆಯಲ್ಲಿ ಇತ್ತು. ಹನ್ನೊಂದು ಹುಡುಗಿಯರು ನಡುಮನೆಯಲ್ಲಿ ಸಾಲಾಗಿ ಕೂತರು. ಇವಳಿಗೆ ಹೊರಗೆ ಜಗಲಿಯಲ್ಲಿ ಎಲೆ ಹಾಕಿದ್ದರು. ನನಗೆ ಗೊತ್ತಾಗುವಷ್ಟರಲ್ಲಿ ಊಟ ಮುಗಿದಿತ್ತು. ಇಷ್ಟು ವರ್ಷ ನಾನು ಇದನ್ನು ಹೀಗೇ ನೆನಪಿಟ್ಟುಕೊಂಡಿದ್ದೆ.

ಜನಾಂಗ ಬೇರೆ, ಜಾತಿ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕೋಕೆ ಆಗಲ್ಲ ಅಂತ ನನಗೆ ಗೊತ್ತು. ಆದರೂ ಡೋಬಿಯ ಹೋಟೆಲಿನ ವಿಷಯ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಜಗಲಿ.

1948ರಲ್ಲಿ ಡೋಬಿ ಹೊಸ ಜಾಗ ಕಲಿತ. ಸೆಂಟರ್ ಫೀಲ್ಡ್, ಮೈದಾನದ ನಟ್ಟನಡುವಿನ ದೊಡ್ಡ ಬಯಲು. ಹಳೆಯ ಕಾಲದ ದೊಡ್ಡ ಆಟಗಾರ ಟ್ರಿಸ್ ಸ್ಪೀಕರ್ ಅವನಿಗೆ ಹೇಳಿಕೊಟ್ಟ. ಅರಿಜೋನಾದ ಟೂಸಾನ್‌ನಲ್ಲಿ ತಂಡದ ತರಬೇತಿ, ಉಳಿದವರಿಗೆಲ್ಲ ಊರಿನ ದೊಡ್ಡ ಹೋಟೆಲು, ಡೋಬಿಗೆ ಒಂದು ಕಪ್ಪು ಕುಟುಂಬದ ಮನೆ. ಬೆಳಿಗ್ಗೆ ಅಲ್ಲಿಂದ ಬಂದು ಇವರ ಜೊತೆ ಓಡಬೇಕು, ಸಂಜೆ ಅಲ್ಲಿಗೇ ವಾಪಸ್ಸು. ಇದರ ಮಧ್ಯೆ ಆ ವರ್ಷ ಅವನ ಬ್ಯಾಟಿಂಗ್ ಸರಾಸರಿ .301. ಬೇಸ್‌ಬಾಲ್‌ನಲ್ಲಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಮಾಡಿದವನನ್ನು ಒಳ್ಳೆಯ ಬ್ಯಾಟ್ಸ್‌ಮನ್ ಅನ್ನುತ್ತಾರೆ. ಜುಲೈನಲ್ಲಿ ಸ್ಯಾಚೆಲ್ ಪೇಜ್ ಕೂಡ ಅದೇ ತಂಡಕ್ಕೆ ಬಂದ. ಕಪ್ಪು ಲೀಗುಗಳ ಅತಿ ದೊಡ್ಡ ಬೌಲರ್, ದೊಡ್ಡ ಲೀಗಿಗೆ ಕಾಲಿಟ್ಟಾಗ ವಯಸ್ಸು 42. ಅವನ ಒಳ್ಳೆಯ ಇಪ್ಪತ್ತು ವರ್ಷವನ್ನು ಈ ಲೀಗುಗಳು ನೋಡಲೇ ಇಲ್ಲ. ಅದನ್ನು ಯೋಚಿಸಿದರೆ ಸಂಕಟ ಆಗುತ್ತದೆ.

ಕ್ಲೀವ್‌ಲ್ಯಾಂಡ್ ಆ ವರ್ಷ ವರ್ಲ್ಡ್ ಸೀರೀಸ್ ತಲುಪಿತು. ಎದುರಾಳಿ ಬಾಸ್ಟನ್ ಬ್ರೇವ್ಸ್. ಅಕ್ಟೋಬರ್ 9, ನಾಲ್ಕನೇ ಮ್ಯಾಚ್, ಸ್ಟೇಡಿಯಂನಲ್ಲಿ 81,897 ಜನ. ಮೂರನೇ ಇನ್ನಿಂಗ್ಸ್‌ನಲ್ಲಿ ಡೋಬಿ ಹೋಮ್ ರನ್ ಹೊಡೆದ, ನಮ್ಮ ಸಿಕ್ಸರ್ ಇದ್ದ ಹಾಗೆ. ಕ್ಲೀವ್‌ಲ್ಯಾಂಡ್ 2-1ರಿಂದ ಗೆದ್ದಿತು. ಪೂರ್ತಿ ಮ್ಯಾಚ್ ಬೌಲ್ ಮಾಡಿದವನು ಸ್ಟೀವ್ ಗ್ರೋಮೆಕ್ ಅನ್ನೋ ಬಿಳಿಯ ಹುಡುಗ.

ಮ್ಯಾಚ್ ಮುಗಿದ ಮೇಲೆ ಡ್ರೆಸಿಂಗ್ ರೂಮಿನಲ್ಲಿ ಒಂದು ಫೋಟೋ ತೆಗೆದರು. ನೀವು ಒಂದು ಸಲ ಹುಡುಕಿ ನೋಡಲೇಬೇಕು. ಗ್ರೋಮೆಕ್ ಮತ್ತು ಡೋಬಿ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. ಕೆನ್ನೆಗೆ ಕೆನ್ನೆ ಅಂಟಿದೆ. ಇಬ್ಬರೂ ಬಾಯಿ ತುಂಬಾ ನಗುತ್ತಿದ್ದಾರೆ, ಕ್ಯಾಮೆರಾಕ್ಕೆ ಅಂತ ನಗುವ ನಗು ಅಲ್ಲ ಅದು, ಗೆದ್ದ ಹುಡುಗರ ನಗು. ಮರುದಿನ ದೇಶದ ಪೇಪರುಗಳಲ್ಲಿ ಈ ಚಿತ್ರ ಬಂತು. ಆಗ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಮಕ್ಕಳಿಗೆ ಶಾಲೆಯೇ ಬೇರೆ, ಬಸ್ಸಿನಲ್ಲಿ ಸೀಟೇ ಬೇರೆ. ಸೈನ್ಯದಲ್ಲಿ ಈ ಭೇದ ಬೇಡ ಅಂತ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿ ಮೂರು ತಿಂಗಳೂ ಆಗಿರಲಿಲ್ಲ. ಅಂಥ ದಿನಗಳಲ್ಲಿ ಒಬ್ಬ ಬಿಳಿಯ, ಒಬ್ಬ ಕಪ್ಪು ಮನುಷ್ಯ ಹೀಗೆ ಕೆನ್ನೆಗೆ ಕೆನ್ನೆ ಕೊಟ್ಟು ನಿಂತದ್ದು ಎಷ್ಟೋ ಜನಕ್ಕೆ ಸಹಿಸಲಾಗಲಿಲ್ಲ. ಗ್ರೋಮೆಕ್ ತನ್ನ ಊರಿಗೆ ಹೋದಾಗ ಗೊತ್ತಿದ್ದವರೇ ಮುಖ ತಿರುಗಿಸಿದರು. ಅವನು ಜಗ್ಗಲಿಲ್ಲ. ಡೋಬಿ ಮ್ಯಾಚ್ ಗೆಲ್ಲಿಸಿಕೊಟ್ಟ, ಖುಷಿಯಾಯಿತು, ತಬ್ಬಿಕೊಂಡೆ, ಇದು ಅವನ ಉತ್ತರ. ಡೋಬಿ ಮುದುಕನಾದ ಮೇಲೂ ಆ ಫೋಟೋ ಬಗ್ಗೆ ಪ್ರೀತಿಯಿಂದ ಮಾತಾಡುತ್ತಿದ್ದ.

ಕ್ಲೀವ್‌ಲ್ಯಾಂಡ್ ಆ ಸೀರೀಸ್ ಗೆದ್ದಿತು. ವರ್ಲ್ಡ್ ಸೀರೀಸ್ ಗೆದ್ದ ಮೊದಲ ಕಪ್ಪು ಆಟಗಾರರು ಡೋಬಿ ಮತ್ತು ಪೇಜ್. ಇದರಲ್ಲಿ ಅವನು ಮೊದಲನೆಯವನೇ, ಆದರೂ ಪ್ರತಿಮೆ ನೋಡಿದವರ ಬಾಯಿಗೆ ಬರೋದು ಎರಡನೆಯವನು ಅನ್ನೋ ಮಾತೇ.

ರಾಬಿನ್ಸನ್ ಮೊದಲನೆಯವನು ಅನ್ನೋದಕ್ಕೂ ಒಂದು ತಿದ್ದುಪಡಿ ಇದೆ, ಸುಮ್ನೆ ಹೇಳಿಬಿಡುತ್ತೇನೆ. 1884ರಲ್ಲಿ ಟೊಲೆಡೊ ತಂಡಕ್ಕೆ ಮೋಸಸ್ ಫ್ಲೀಟ್‌ವುಡ್ ವಾಕರ್ ಅನ್ನೋ ಕಪ್ಪು ಆಟಗಾರ ಆಡಿದ್ದ. ಅಂದರೆ ಬಾಗಿಲು ಮೊದಲೇ ತೆರೆದಿತ್ತು. ಆಮೇಲೆ ತಂಡಗಳ ಒಡೆಯರು ಒಳಗೊಳಗೇ ಮಾತಾಡಿಕೊಂಡು ಅದನ್ನು ಮುಚ್ಚಿದರು. ನಿಯಮ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ, ಬರೀ ಬಾಯಿಮಾತಿನ ಒಪ್ಪಂದ. ತೆರೆದ ಬಾಗಿಲನ್ನು ಮುಚ್ಚಿಬಿಡಬಹುದು ಅನ್ನೋದನ್ನು ನಾನು ಪ್ರೇಯರ್‌ನಲ್ಲಿ ಯಾವತ್ತೂ ಹೇಳಲಿಲ್ಲ.

1947ರ ನಂತರವೂ ಅದು ಒಂದೇ ಬಾಗಿಲಾಗಿರಲಿಲ್ಲ, ತಂಡಕ್ಕೊಂದು ಬಾಗಿಲು. ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ಮೊದಲ ಕಪ್ಪು ಆಟಗಾರ, ಎಲ್ಸ್ಟನ್ ಹೊವಾರ್ಡ್, ಆಡಿದ್ದು 1955ರಲ್ಲಿ. ಡೆಟ್ರಾಯಿಟ್‌ನಲ್ಲಿ 1958. ಕೊನೆಯದು ಬಾಸ್ಟನ್ ರೆಡ್ ಸಾಕ್ಸ್. 1945ರಲ್ಲಿ ಇದೇ ರಾಬಿನ್ಸನ್‌ನನ್ನು ತಮ್ಮ ಮೈದಾನಕ್ಕೆ ಕರೆಸಿ, ಆಡಿಸಿ ನೋಡಿ, ಕಳಿಸಿಬಿಟ್ಟಿದ್ದ ತಂಡ ಅದು. ಅವರ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಮೈದಾನಕ್ಕಿಳಿದದ್ದು 1959ರ ಜುಲೈ 21. ಆ ಹೊತ್ತಿಗೆ ರಾಬಿನ್ಸನ್ ಆಟ ಬಿಟ್ಟು ಎರಡು ವರ್ಷ ದಾಟಿತ್ತು. ಗ್ರೀನ್ ಮೊದಲು ಆಡಿದ ಮೈದಾನ ಯಾವುದು ಗೊತ್ತಾ? ಷಿಕಾಗೋದ ಅದೇ ಕಮಿಸ್ಕಿ ಪಾರ್ಕ್, ಡೋಬಿ ಹನ್ನೆರಡು ವರ್ಷದ ಹಿಂದೆ ಒಂಟಿಯಾಗಿ ನಿಂತಿದ್ದ ಜಾಗ. ಡೋಬಿಯ ದೊಡ್ಡ ಲೀಗಿನ ಕೊನೆಯ ಮ್ಯಾಚ್ ಕೂಡ ಅದೇ ತಿಂಗಳು.

ನಡುವಿನ ವರ್ಷಗಳಲ್ಲಿ ಡೋಬಿ ಚೆನ್ನಾಗಿ ಆಡಿದ. ಲೀಗಿನ ಒಳ್ಳೊಳ್ಳೆಯ ಆಟಗಾರರನ್ನು ಆರಿಸಿ ಮಾಡುವ ಆಲ್-ಸ್ಟಾರ್ ತಂಡದಲ್ಲಿ ಏಳು ವರ್ಷ ಸತತವಾಗಿ ಇದ್ದ. 1952ರಲ್ಲೂ 1954ರಲ್ಲೂ ಅಮೆರಿಕನ್ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ ಹೋಮ್ ರನ್ ಅವನದ್ದು, ಎರಡು ಸಲವೂ 32. ಒಟ್ಟು 253. ಆದರೂ ಪತ್ರಿಕೆಯವರು ಅವನು ಮೂಡಿ, ಬೆರೆಯಲ್ಲ, ಯಾವಾಗಲೂ ಮುಖ ಗಂಟು ಹಾಕಿಕೊಂಡಿರುತ್ತಾನೆ ಅಂತ ಬರೆದರು. ಎಲ್ಲರ ಜೊತೆ ಬೆರೆಯಲು ಅವನು ಎಲ್ಲಿಗೆ ಹೋಗಬೇಕಿತ್ತು? ಸಂಜೆ ಆದರೆ ತಂಡ ಒಂದು ಕಡೆ, ಅವನು ಇನ್ನೊಂದು ಕಡೆ. ಗೆದ್ದ ರಾತ್ರಿ ಯಾರ ಜೊತೆಯೂ ಊಟ ಇಲ್ಲ, ಸೋತ ರಾತ್ರಿ ಸಮಾಧಾನ ಹೇಳುವವರಿಲ್ಲ. ಆ ಒಂಟಿತನವೇ ತನಗೆ ಜಾಸ್ತಿ ನೋವು ಕೊಟ್ಟದ್ದು ಅಂತ ಡೋಬಿ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ನಾವು ಮೇಷ್ಟ್ರುಗಳೂ ಹೀಗೇ ಮಾಡುತ್ತೇವೆ. ಮಾತಾಡದ ಮಗುವಿನ ರಿಪೋರ್ಟ್‌ನಲ್ಲಿ "ಬೆರೆಯುವುದಿಲ್ಲ" ಅಂತ ಬರೆದು ಸಹಿ ಹಾಕುತ್ತೇವೆ.

ಆಟ ಮುಗಿದ ಮೇಲೆ ಅವನಿಗೆ ಮ್ಯಾನೇಜರ್ ಆಗುವ ಆಸೆ ಇತ್ತು. 1974ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲೇ ಕೋಚ್ ಆಗಿದ್ದ, ತನಗೇ ಸಿಗಬಹುದು ಅಂದುಕೊಂಡಿದ್ದ. ಸಿಕ್ಕಿದ್ದು ಫ್ರಾಂಕ್ ರಾಬಿನ್ಸನ್‌ಗೆ. 1975ರಲ್ಲಿ ದೊಡ್ಡ ಲೀಗಿನ ಮೊದಲ ಕಪ್ಪು ಮ್ಯಾನೇಜರ್ ಅವನಾದ. ಮತ್ತೆ ಒಬ್ಬ ರಾಬಿನ್ಸನ್, ಮತ್ತೆ ಡೋಬಿ ಎರಡನೆಯವನು. 1978ರ ಜೂನ್ 30ರಂದು ಷಿಕಾಗೋ ವೈಟ್ ಸಾಕ್ಸ್ ಅವನನ್ನು ಮ್ಯಾನೇಜರ್ ಮಾಡಿತು. ಆಗ ಆ ತಂಡದ ಒಡೆಯ ಯಾರು ಅಂದುಕೊಂಡಿರಿ, ಅದೇ ಬಿಲ್ ವೀಕ್. ಸೀಸನ್ನಿನ ಅರ್ಧದಲ್ಲಿ, ಸೋಲುತ್ತಿದ್ದ ತಂಡ. 87 ಮ್ಯಾಚ್, 37 ಗೆಲುವು, ಅಷ್ಟಕ್ಕೇ ಮುಗಿಯಿತು. ಆಮೇಲೆ ಯಾವ ತಂಡವೂ ಅವನನ್ನು ಮ್ಯಾನೇಜರ್ ಮಾಡಲಿಲ್ಲ.

ರಾಬಿನ್ಸನ್ ಹಾಲ್ ಆಫ್ ಫೇಮ್ ಸೇರಿದ್ದು 1962ರಲ್ಲಿ. ಡೋಬಿ ಸೇರಿದ್ದು 1998ರಲ್ಲಿ, 74 ವಯಸ್ಸಿಗೆ. ರಾಬಿನ್ಸನ್‌ನ 42 ನಂಬರಿನ ಅಂಗಿಯನ್ನು ಇವತ್ತು ಯಾವ ತಂಡದಲ್ಲೂ ಯಾರೂ ಹೊಸದಾಗಿ ಹಾಕುವ ಹಾಗಿಲ್ಲ, ಅದು ಅವನಿಗೆ ಸಲ್ಲಬೇಕಾದ ಗೌರವವೇ. ಡೋಬಿಯ 14 ಕ್ಲೀವ್‌ಲ್ಯಾಂಡ್‌ನಲ್ಲಿ ಮಾತ್ರ. ಅವನು 2003ರಲ್ಲಿ ತೀರಿಕೊಂಡ. ಅಮೆರಿಕದ ಸಂಸತ್ತು ಕೊಡುವ ಚಿನ್ನದ ಪದಕವನ್ನು ಅವನ ಮನೆಯವರಿಗೆ ಕೊಟ್ಟದ್ದು 2023ರ ಡಿಸೆಂಬರ್ 13ರಂದು. ಬದುಕಿದ್ದಿದ್ದರೆ ಅವತ್ತಿಗೆ ನೂರು ತುಂಬುತ್ತಿತ್ತು.

ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದಾಗ ಅವಳು ಪಾಲ್ವಂಕರ್ ಬಾಲೂ ಅವರನ್ನು ನೆನಪಿಸಿದಳು. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದವರು, ದಲಿತರು, ಎಡಗೈ ಸ್ಪಿನ್ನರ್. ಪುಣೆಯ ಕ್ಲಬ್ಬುಗಳಲ್ಲಿ ತಿಂಗಳಿಗೆ ಮೂರು ನಾಲ್ಕು ರೂಪಾಯಿಗೆ ಪಿಚ್ ನೋಡಿಕೊಳ್ಳುತ್ತಾ, ಇಂಗ್ಲಿಷ್ ಆಫೀಸರ್‌ಗಳಿಗೆ ನೆಟ್ಸ್‌ನಲ್ಲಿ ಬೌಲ್ ಮಾಡುತ್ತಾ ಬೆಳೆದವರು. ತಂಡಕ್ಕೆ ವಿಕೆಟ್ ತೆಗೆದುಕೊಡುತ್ತಿದ್ದರು, ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಆಗ ಧರ್ಮಕ್ಕೊಂದು ತಂಡ. ಹಿಂದೂ ತಂಡದ ಕ್ಯಾಪ್ಟನ್ ಮಾತ್ರ ಅವರು ಆಗಲಿಲ್ಲ, ಆಗಗೊಡಲಿಲ್ಲ. 1923ರಲ್ಲಿ ಕ್ಯಾಪ್ಟನ್ ಆದದ್ದು ಅವರ ತಮ್ಮ ವಿಠಲ್. ಅಲ್ಲಿ ಮೊದಲನೆಯವರಿಗೆ ಸಿಗದದ್ದು ಹಿಂದೆ ಬಂದವರಿಗೆ ಸಿಕ್ಕಿತು. ಎಲ್ಲ ಕಡೆಯೂ ಒಂದೇ ತರಹ ಆಗಲ್ಲ.

ಊರಿಗೆ ವಾಪಸ್ಸು ಬಂದ ಮೇಲೆ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆಪ್ ಗುಂಪಿನಲ್ಲಿ ಕೇಳಿ ಆ ಹುಡುಗಿಯ ನಂಬರ್ ತೆಗೆದುಕೊಂಡೆ. ಹುಡುಗಿ ಅಂತೀನಿ, ಈಗ ನಲವತ್ತು ದಾಟಿದೆ. ಮೂರು ದಿನ ನಂಬರ್ ನೋಡುತ್ತಾ ಕೂತೆ. ನಾಲ್ಕನೇ ದಿನ ಮಾಡಿದೆ. "ಸರ್, ನೀವಾ!" ಅಂತ ಖುಷಿಪಟ್ಟಳು. ಆರೋಗ್ಯ ವಿಚಾರಿಸಿದಳು, ಅಮ್ಮಾವ್ರು ಹೇಗಿದ್ದಾರೆ ಅಂದಳು. ನಾನು ಜಗಲಿಯ ಮಾತು ತೆಗೆದೆ. ಅವತ್ತು ನನಗೆ ತಡವಾಗಿ ಗೊತ್ತಾಯಿತಮ್ಮ, ಗೊತ್ತಾಗಿದ್ದರೆ ಹಾಗೆ ಆಗೋಕೆ ಬಿಡುತ್ತಿರಲಿಲ್ಲ, ಬೇಜಾರು ಮಾಡಿಕೋಬೇಡ ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆತ್ತಗೆ ಹೇಳಿದಳು. "ಇಲ್ಲ ಸರ್. ನೀವು ಕೈ ತೊಳೆಯೋಕೆ ಹೊರಗೆ ಬಂದಿದ್ರಿ. ನನ್ನ ನೋಡಿದ್ರಿ. ನಾನು ಆಗಿನ್ನೂ ಅನ್ನ ಕಲಸ್ತಾ ಇದ್ದೆ. ನೀವು ಒಳಗೆ ಹೋದ್ರಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಆಮೇಲೆ ಮಗಳ ವಿಷಯ ಹೇಳಿದಳು. ಪಿಯುಸಿಯಲ್ಲಿದ್ದಾಳಂತೆ, ಕಾಲೇಜಿನ ವಾಲಿಬಾಲ್ ತಂಡಕ್ಕೆ ಆಯ್ಕೆ ಆಗಿದ್ದಾಳಂತೆ, ಮುಂದಿನ ತಿಂಗಳು ಟೂರ್ನಮೆಂಟ್‌ಗೆ ಬೇರೆ ಊರಿಗೆ ಕರೆದುಕೊಂಡು ಹೋಗುತ್ತಾರಂತೆ. ನಾನು ಯಾವ ಊರು, ಎಷ್ಟು ದಿನ, ಜೊತೆಗೆ ಯಾರು ಹೋಗುತ್ತಾರೆ, ಉಳಿಯೋದು ಎಲ್ಲಿ ಅಂತ ಕೇಳಿದೆ. ಊಟ ಎಲ್ಲಿ ಅಂತಲೂ ಕೇಳಿದೆ.